ಹೊಗೆ ಬಾರದ ಕ್ಯಾನು

ಮೊನ್ನೆ ಇಂಡಿ ಪಟ್ಟಣದ ಒಂದು ಮದುವೆಯಲ್ಲಿ ಹೆಂಗಸೊಬ್ಬಳು ಹೊಗೆಯಾಡುವ ಬಿಸ್ಕಿಟ್ ಹಂಚುತ್ತಿದ್ದಳು. ದ್ರವ ನೈಟ್ರೋಜನ್ ಕ್ಯಾನಿನ ಮುಚ್ಚಳ ತೆಗೆದರೆ ಬಿಳಿ ಹೊಗೆ ಉಕ್ಕುತ್ತಿತ್ತು. ನನಗೆ ಇಂಗಳೇಶ್ವರದ ನಮ್ಮ ಕೊಟ್ಟಿಗೆ ನೆನಪಾಯಿತು.

ಅಂಥದೇ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು, ಊರವರು ದನದ ಡಾಕ್ಟ್ರು ಎನ್ನುತ್ತಿದ್ದವನೊಬ್ಬ ಅಲ್ಲಿಗೆ ಬರುತ್ತಿದ್ದ. ಅದರೊಳಗೆ ಹೋರಿಯ ವೀರ್ಯದ ಕಡ್ಡಿಗಳು. ನೈಟ್ರೋಜನ್ ಬತ್ತಿದರೆ ಹೊಗೆಯೂ ಇಲ್ಲ, ಒಳಗಿನದು ಸತ್ತ ವೀರ್ಯ. ಬೆದೆಗೆ ಬಂದ ಆಕಳಿಗೆ ಅದನ್ನು ಏರಿಸಿದ ಮೇಲೆ ಕೈ ಒರೆಸಿಕೊಳ್ಳಲು ಅಜ್ಜ ಹೊಸ ಟವೆಲ್ಲನ್ನೇ ಕೊಡುತ್ತಿದ್ದ. ಪಕ್ಕದ ಮನೆಯ ಆಕಳಿಗೆಂದು ಅವನು ಬಂದಾಗ ಕ್ಯಾನಿನಿಂದ ಹೊಗೆ ಬಂದಿತ್ತು. ನಮ್ಮ ಆಕಳು ಗೌರಿಗೆ ಏರಿಸಿದ ಮೂರು ಸಲವೂ ಬರಲಿಲ್ಲ.

“ಹೊಗಿ ಯಾಕ ಬರವಲ್ದ್ರಿ?” ಎಂದೆ.

“ಬಿಸಲಾಗ ಕಾಣಂಗಿಲ್ಲವ್ವ,” ಎಂದ, ನೆರಳಲ್ಲಿ ನಿಂತುಕೊಂಡು.

“ಡಾಕ್ಟ್ರಿಗೇ ಕಲಿಸ್ತಿಯೇನ ನೀ?” ಎಂದು ಅಜ್ಜ ನನ್ನನ್ನೇ ಗದರಿದ.

ಗೌರಿ ಗಬ್ಬವಾಗಲಿಲ್ಲ. “ಆಕಳ ಗೊಡ್ಡ ಐತ್ರಿ, ಮಾರಿಬಿಡ್ರಿ,” ಎಂದು ಅವನೇ ತೀರ್ಪು ಕೊಟ್ಟ.

ಅಜ್ಜ ಮಾರಿದ. ಕೊಂಡೊಯ್ದ ಮನಗೂಳಿಯ ರೈತರು ಅವಳಿಗೆ ತಮ್ಮೂರಿನ ಹೋರಿಯನ್ನೇ ಬಿಟ್ಟರು. ಗೌರಿ ಕರು ಹಾಕಿದಳು. ಸಾಕಿದವರಿಗೂ ಸಲ್ಲಬೇಕೆಂದು ಅವರು ನಮ್ಮ ಮನೆಗೆ ಅವಳ ಮೊದಲ ಹಾಲಿನ ಗಿಣ್ಣ ತಂದರು. ಅವತ್ತು ಆ ಡಾಕ್ಟ್ರ ಮಹಾಶಯನೂ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ. ಎರಡು ತುಂಡು ಗಿಣ್ಣ ತಿಂದು, “ನೀರ ಬದಲಾದ್ರ ಕೆಲವು ಆಕಳ ಗಬ್ಬ ಆಗ್ತಾವ್ರಿ,” ಎಂದು ಬೆರಳು ನೆಕ್ಕಿದ. ಅಜ್ಜ ಭಕ್ತಿಯಿಂದ ತಲೆಯಾಡಿಸಿದ.

ಮದುವೆಯಲ್ಲಿ ನನ್ನ ಸರದಿ ಬರುವಷ್ಟರಲ್ಲಿ ಹೊಗೆ ನಿಂತಿತು. ಆ ಹೆಂಗಸು ಕ್ಯಾನಿನಲ್ಲಿ ಇಣುಕಿ ನೋಡಿ, “ಖಾಲಿ ಆಗೇತ್ರಿ ಅಕ್ಕಾರ, ತುಂಬಿಸ್ಕೊಂಡ ಬಂದ ಕೊಡ್ತೇನಿ,” ಎಂದಳು.

ನಮ್ಮ ಗೌರಿಗೆ ಸಿಗದ ಮರ್ಯಾದೆ ಒಂದು ಬಿಸ್ಕಿಟ್ಟಿಗೆ ಸಿಕ್ಕಿತು.