ಬಾನೆಟ್ಟಿನ ಅಂಚಿನ ಬೂದು ಕಲೆ

ಹದಿನೆಂಟು ಸಾವಿರ ರೂಪಾಯಿ. ಗ್ರೆಗರಿ ಅಂಕಲ್ ತಮ್ಮ ನೀಲಿ ಕಾರಿನ ಪೇಂಟು ಕಾಪಾಡುವ ಕೋಟಿಂಗಿಗೆ ನನಗೆ ಕೊಟ್ಟದ್ದು ಅಷ್ಟು. ಐದು ವರ್ಷ ಬಿಸಿಲು, ಉಪ್ಪುಗಾಳಿ ಏನೂ ತಾಗುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ. ಎಂಟು ತಿಂಗಳಲ್ಲಿ ಬಾನೆಟ್ಟಿನ ಅಂಚಿನಲ್ಲಿ ಬೂದು ಕಲೆ ಎದ್ದಿತು. ಅದು ಅವರ ನಡುಗುವ ಕೈಯಿಂದ ಆದದ್ದು ಎಂದು ನಾನು ಹೇಳಿದೆ. ಅವರ ಕೈಯಿಂದ ಆದದ್ದಲ್ಲ. ನನ್ನ ಕೈಯಿಂದ ಆದದ್ದು. ಹೇಳುವಾಗಲೇ ನನಗದು ಗೊತ್ತಿತ್ತು — ಆಮೇಲೆ ಮೂರು ವರ್ಷವೂ ಗೊತ್ತಿತ್ತು.

ಪಡೀಲಿನಲ್ಲಿ ನನ್ನ ಪಾಲಿಶ್ ಅಂಗಡಿ. ಬಕೆಟು, ಸ್ಪಂಜಿನಿಂದ ಶುರು ಮಾಡಿ ಸ್ವಂತ ಶೆಡ್ಡು ಕಟ್ಟಿದವನು ನಾನು. ರೇಟಿನ ಚರ್ಚೆಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಅಂಕಲ್ ಅವರ ಹೆಂಡತಿ, ನಿವೃತ್ತ ನರ್ಸ್ ಐರಿನ್ ಆಂಟಿ, ಇಪ್ಪತ್ತೆರಡರಿಂದ ಹದಿನೆಂಟಕ್ಕೆ ಇಳಿಸಿ ಗೆದ್ದೆ ಅಂದುಕೊಂಡರು. ಇಳಿಸಿದ್ದನ್ನು ನಾನು ಕೆಲಸದಲ್ಲಿ ಕಡಿಮೆ ಮಾಡಿದೆ. ಪೇಂಟಿನ ದಪ್ಪ ಅಳೆಯಲಿಲ್ಲ. ಅಂಚುಗಳಿಗೆ ಟೇಪು ಅಂಟಿಸಲಿಲ್ಲ. ನೇರ ಪಾಲಿಶ್ ಮಿಶಿನು ಇಟ್ಟೆ.

ಅಂಚಿನಲ್ಲಿ ಪೇಂಟು ತೆಳುವಾಗಿರುತ್ತದೆ — ಈ ಕೆಲಸಕ್ಕೆ ಬಂದ ಮೊದಲ ವಾರವೇ ಕಲಿಯುವ ಸಂಗತಿ. ಮಿಶಿನು ಎತ್ತಿ ನೋಡಿದರೆ ಅದರ ಬಿಳಿ ಪ್ಯಾಡು ನೀಲಿಯಾಗಿತ್ತು. ಮೇಲಿನ ಪಾರದರ್ಶಕ ಪದರ ಹೋಗಿ, ಬಣ್ಣವೂ ಹೋಗಿ, ಅಡಿಯ ಬೂದು ಪ್ರೈಮರು ಇಣುಕುತ್ತಿತ್ತು. ಹೆಬ್ಬೆರಳಿನಷ್ಟು ಜಾಗ.

ಆಗಲೇ ಫೋನು ಮಾಡಿ ಹೇಳಿದ್ದರೆ — ಬಾನೆಟ್ಟಿಗೆ ಪುನಃ ಪೇಂಟು ಹೊಡೆಸಬೇಕಾಗುತ್ತಿತ್ತು, ಅಷ್ಟೆ. ನಾನು ನೀಲಿ ಬಣ್ಣದ ವ್ಯಾಕ್ಸು ತುಂಬಿದೆ. ಒಣಗಿದ ಮೇಲೆ ಇನ್ನೊಂದು ಪದರ. ಅದರ ಮೇಲೆ ಹೊಳಪಿನ ವ್ಯಾಕ್ಸು. ಎಲ್ಲದರ ಮೇಲೆ ಕೋಟಿಂಗು. ಕೋಟಿಂಗು ಬರಿಯ ಪೇಂಟಿಗೆ ಅಂಟಬೇಕು. ವ್ಯಾಕ್ಸಿನ ಮೇಲೆ ಹಾಕಿದರೆ ವ್ಯಾಕ್ಸು ಹೋಗುವ ದಿನ ಅದೂ ಹೋಗುತ್ತದೆ. ಇದನ್ನು ನನ್ನಷ್ಟು ಚೆನ್ನಾಗಿ ತಿಳಿದವರು ಆ ರಸ್ತೆಯಲ್ಲಿ ಇನ್ನೊಬ್ಬರಿರಲಿಲ್ಲ.

ಕಾರು ಕೊಡುವಾಗ ಬಾನೆಟ್ಟಿನ ಮೇಲೆ ಒಂದು ಮಗ್ಗು ನೀರು ಸುರಿದೆ. ನೀರು ಮುತ್ತು ಮುತ್ತಾಗಿ ಉರುಳಿತು. ಅಂಕಲ್ ಮಗುವಿನ ಹಾಗೆ ನಕ್ಕರು. ಕುವೈತಿನಲ್ಲಿ ಇಪ್ಪತ್ತಾರು ವರ್ಷ ಬೇರೆಯವರ ಕಾರು ಓಡಿಸಿದ ಮನುಷ್ಯ. ಇದು ಅವರ ಮೊದಲ ಸ್ವಂತ ಕಾರು. ಕೈ ನಡುಗುವ ಕಾಯಿಲೆ ಬಂದ ಮೇಲೆ ಓಡಿಸುವುದು ಆಂಟಿ, ತೊಳೆಯುವುದು ಅಂಕಲ್. ದಿನಾ ಬೆಳಿಗ್ಗೆ, ಒಂದು ಗಂಟೆ. ಅತ್ತಾವರದ ಡಾಕ್ಟರು ಕೈಗೆ ಕೆಲಸ ತಪ್ಪಿಸಬೇಡಿ ಎಂದಿದ್ದರಂತೆ.

ಕಲೆ ಎದ್ದಾಗ ಇಬ್ಬರೂ ಬಂದರು. ನಾನು ಬಗ್ಗಿ ನೋಡಿದ ಹಾಗೆ ಮಾಡಿ ಕೇಳಿದೆ, “ಮನೆಯಲ್ಲಿ ತೊಳೆಯುದು ಯಾರು?”

“ಇವರೇ, ದಿನಾ,” ಎಂದರು ಆಂಟಿ.

“ಹಾಗೆ ಹೇಳಿ ಮತ್ತೆ. ಕೈ ನಡುಗ್ತದೆ ಅಲ್ವಾ ಅಂಕಲ್, ಒಂದೇ ಕಡೆ ಉಜ್ಜಿ ಉಜ್ಜಿ ಪೇಂಟೇ ಹೋಗಿದೆ.”

ಅಷ್ಟೇ ನಾನು ಹೇಳಿದ ಮಾತು.

“ನಾನು ಬಡ್ಕೊಂಡದ್ದೆಂತ? ಮೆಲ್ಲ ಮೆಲ್ಲ ಅಂತ ಹೇಳ್ಲಿಲ್ವಾ?” ಆಂಟಿ ಅಲ್ಲೇ ಶುರು ಮಾಡಿದರು. “ಹದಿನೆಂಟು ಸಾವಿರ ನೀರಿಗೆ ಹಾಕಿದ ಹಾಗಾಯ್ತು!”

ಅಂಕಲ್ ತಮ್ಮ ಬಲಗೈಯನ್ನು ಒಮ್ಮೆ ನೋಡಿ ಪ್ಯಾಂಟಿನ ಕಿಸೆಯೊಳಗೆ ಹಾಕಿಕೊಂಡರು. ಆಮೇಲೆ ಮೆತ್ತಗೆ ಕೇಳಿದರು, “ಇನ್ನು ಹೇಗೆ ತೊಳಿಬೇಕು, ಜಯಂತ? ನೀನು ತೋರಿಸ್ತೀಯಾ?”

ನಾನು ತೋರಿಸಲಿಲ್ಲ. ಒಂದು ಬಾಟ್ಲಿ ಶಾಂಪೂ ಮಾರಿದೆ. “ನಿಮಗೆ ಅಂತ ಐವತ್ತು ಕಡಿಮೆ” ಎಂದೆ. ಇದನ್ನು ಬರೆಯುವಾಗಲೂ ಬೆರಳು ತಡೆಯುತ್ತದೆ — ಆದರೆ ಮಾರಿದ್ದು ಹೌದು.

ಕಳೆದ ತಿಂಗಳು ಆಂಟಿ ಫೋನು ಮಾಡಿದರು: ಕಾರು ಮಾರಲಿಕ್ಕುಂಟು, ಬಂದು ಸ್ವಲ್ಪ ಪಾಲಿಶ್ ಮಾಡಿ ಕೊಡು. ತೊಕ್ಕೊಟ್ಟಿನ ಅವರ ಮನೆಗೆ ಹೋದೆ. ಹೊದಿಕೆ ತೆಗೆದರೆ ಕಾರಿನ ಮೇಲೆ ಹಳೆಯ ಧೂಳು. ಪಕ್ಕದ ಕಟ್ಟೆಯ ಮೇಲೆ ನಾನು ಮಾರಿದ ಶಾಂಪೂ — ಸೀಲು ಕೂಡ ಒಡೆದಿರಲಿಲ್ಲ.

“ಇದು ಎಂತ ಆಂಟಿ?”

“ಆವತ್ತಿಂದ ಅವರು ಮುಟ್ಲಿಲ್ಲ ಮಾರಾಯ. ಹಾಳು ಮಾಡ್ತೇನೆ ಅಂತ ಹೆದರಿಕೆ. ಬೇರೆ ಕೆಲಸ ಹೇಳಿದ್ರೆ ಮಾಡುದಿಲ್ಲ. ಕೈಗೆ ಇದ್ದದ್ದು ಇದೊಂದೇ.”

ಅಂಕಲ್ ಹೊರಗೆ ಬಂದರು. ನನ್ನನ್ನು ನೋಡಿ ನಕ್ಕರು, ಚಹಾ ಕುಡಿ ಎಂದರು. ಆದರೆ ಕಾರಿನಿಂದ ಒಂದು ಮಾರು ದೂರ ನಿಂತರು — ತಮ್ಮದೇ ಅಂಗಳದಲ್ಲಿ, ತಮ್ಮದೇ ಕಾರಿನಿಂದ. ನಾನು ಕೊಟ್ಟದ್ದು ಒಂದು ಸುಳ್ಳು ನೆಪ, ಒಬ್ಬ ಗಿರಾಕಿಯ ಜಗಳ ತಪ್ಪಿಸಲು. ಅದನ್ನು ಈ ಮನುಷ್ಯ ಮೂರು ವರ್ಷ ಡಾಕ್ಟರ ಮಾತಿಗಿಂತ ಹೆಚ್ಚು ನಂಬಿದ್ದರು. ಚಹಾ ಕುಡಿಯದೆ ಏನೋ ಹೇಳಿ ಓಡಿ ಬಂದೆ. ದಾರಿಯಲ್ಲಿ ಹೊಳೆಯ ಸೇತುವೆ ದಾಟಿದ್ದೂ ನೆನಪಿಲ್ಲ.

ನಾಲ್ಕು ದಿನ ಬಿಟ್ಟು ಪುನಃ ಹೋಗಿ ಎಲ್ಲ ಹೇಳಿದೆ. ನೀಲಿಯಾದ ಪ್ಯಾಡು, ವ್ಯಾಕ್ಸಿನ ಪದರಗಳು, ಶಾಂಪೂ — ಎಲ್ಲ.

“ಹಾಗಾದ್ರೆ ನನ್ನ ಕೈ ಅಲ್ವಾ?” ಎಂದರು ಅಂಕಲ್.

“ಅಲ್ಲ ಅಂಕಲ್.”

ಆಂಟಿ ನನಗೆ ಬೈಯುತ್ತಾರೆ ಅಂದುಕೊಂಡೆ. ಅವರು ಬೈಯಲಿಲ್ಲ. “ಮೂರು ವರ್ಷ ನಾನು ಇವರಿಗೆ ಬೈದದ್ದಲ್ವಾ...” ಎಂದರು.

ಅಂಕಲ್ ಅಂಗಳದ ಬಕೆಟಿನ ಮೇಲಿದ್ದ ಒರೆಸುವ ಬಟ್ಟೆಗೆ ಕೈ ಹಾಕಿದರು. ಬೆರಳುಗಳು ಮಡಚಿಕೊಳ್ಳಲಿಲ್ಲ. ಬಟ್ಟೆ ಜಾರಿ ನೆಲಕ್ಕೆ ಬಿತ್ತು. ಎರಡನೇ ಸಲವೂ ಬಿತ್ತು. ಅದನ್ನೇ ನೋಡುತ್ತ ಅವರು ಹೇಳಿದರು, “ಆವತ್ತು ಹಿಡಿಲಿಕ್ಕೆ ಆಗ್ತಿತ್ತು.”

ಬಾನೆಟ್ಟಿಗೆ ಹೊಸ ಪೇಂಟು ಹೊಡೆಸಿ, ಹಣ ಹಿಂದೆ ಕೊಟ್ಟಿದ್ದೇನೆ. ಅದು ಕಾರಿನ ರಿಪೇರಿ, ಅಷ್ಟೆ.

ಸಲಹೆ ಕೊಡುವುದು ನನ್ನ ಹಳೆಯ ಚಾಳಿ. ಈ ಸಲ ದುಡ್ಡು ತೆಗೆದುಕೊಳ್ಳದೆ ಕೊಡುತ್ತೇನೆ. ಕೋಟಿಂಗ್ ಮಾಡಿಸುವುದಾದರೆ ಮೊದಲು ಪೇಂಟಿನ ದಪ್ಪ ನಿಮ್ಮೆದುರೇ ಅಳೆಸಿ. ಕೋಟಿಂಗು ಅಡಿಯಲ್ಲಿ, ವ್ಯಾಕ್ಸು ಬೇಕಿದ್ದರೆ ಮೇಲೆ — ತಿರುಗಾಮುರುಗಾ ಮಾಡಲು ಬಿಡಬೇಡಿ. ಮೊದಲ ದಿನ ನೀರು ಮುತ್ತಾಗುವುದನ್ನು ನೋಡಿ ಮರುಳಾಗಬೇಡಿ. ಅಗ್ಗದ ವ್ಯಾಕ್ಸಿನ ಮೇಲೂ ಅದು ಹಾಗೆಯೇ ಉರುಳುತ್ತದೆ. ಕಾರು ಕೊಡುವ ಮೊದಲೂ, ವಾಪಸು ತರುವಾಗಲೂ ಬಾನೆಟ್ಟಿನ, ಬಾಗಿಲಿನ ಅಂಚುಗಳನ್ನು ಬಿಸಿಲಿನಲ್ಲಿ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಮತ್ತೆ ನನ್ನಂಥವನೊಬ್ಬ ಬಗ್ಗಿ ನೋಡಿ, ತಪ್ಪು ನಿಮ್ಮ ಮನೆಯವರ ಕೈಯದ್ದು ಎಂದರೆ — ಆ ಫೋಟೋ ನೋಡುವವರೆಗೆ ಮನೆಯವರಿಗೆ ಒಂದು ಮಾತೂ ಆಡಬೇಡಿ.