ಕಲ್ಲಿನ ಧೂಳಿಗೆ ಬೆಲ್ಲದ ನೀರು

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಬಂಗಾರಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ಹೇಳಿ, ತಪ್ಪು ಕಂಡರೆ ತಿದ್ದದೆ ಇರಲು ಆಗುವುದಿಲ್ಲ. ಮಕ್ಕಳನ್ನು ತಿದ್ದಿ ಯಾರಿಗೂ ನಷ್ಟವಾಗಿಲ್ಲ. ಅಮ್ಮನನ್ನು ತಿದ್ದಿದ್ದಕ್ಕೆ ಮಾತ್ರ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಪ್ಪ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ನೆಲದಡಿ ಬಂಡೆ ಕೊರೆಯುತ್ತಿದ್ದವರು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಆ ಕಲ್ಲಿನ ಧೂಳು ಅವರ ಎದೆ ಬಿಟ್ಟಿರಲಿಲ್ಲ. ಉರಿಗಾಂನ ಗಣಿ ಕಾರ್ಮಿಕರ ಲೈನಿನ ಮನೆಯಲ್ಲಿ ಹತ್ತು ಹೆಜ್ಜೆ ನಡೆದರೆ ಕೂತುಬಿಡುತ್ತಿದ್ದರು. ಬೆಲ್ಲ ತಿಂದರೆ ಧೂಳು ಕರಗಿ ಇಳಿದುಹೋಗುತ್ತದೆ ಅನ್ನುವುದು ನಮ್ಮ ಗಣಿಯವರ ನಂಬಿಕೆ. ಅಮ್ಮ ದಿನಾ ಬೆಳಿಗ್ಗೆ ಬಿಸಿನೀರಿಗೆ ಬೆಲ್ಲ ಹಾಕಿ ಕೊಡುತ್ತಿದ್ದಳು. ಕೆಮ್ಮು ಹೆಚ್ಚಿದಂತೆ ಬೆಲ್ಲವೂ ಹೆಚ್ಚಿತು.

ಆ ಭಾನುವಾರ ಅರ್ಧ ಲೋಟ ನೀರಿಗೆ ಅಚ್ಚಿನ ಮೇಲೆ ಅಚ್ಚು ಬೆಲ್ಲ ಪುಡಿಮಾಡಿ ಹಾಕಿದ್ದಳು. ನೀರು ಪಾಕದಂತೆ ಮಂದವಾಗಿ, ಕೊನೆಗೆ ಹಾಕಿದ್ದು ತಳದಲ್ಲೇ ಉಳಿದಿತ್ತು.

“ಎಷ್ಟ್ ಕಲಸಿದ್ರೂ ಕರಗ್ತಿಲ್ಲ ಕಣಪ್ಪ,” ಅಂದಳು.

ಸರಿ, ನನಗೆ ಪಾಠ ಮಾಡಲು ನೆಪ ಸಿಕ್ಕಿತು. ನೀರಿಗೂ ಹೊಟ್ಟೆ ತುಂಬುತ್ತದೆ, ಅದಕ್ಕೆ ಪರ್ಯಾಪ್ತ ದ್ರಾವಣ ಅನ್ನುತ್ತಾರೆ, ಆಮೇಲೆ ಒಂದು ಚಿಟಿಕೆಯನ್ನೂ ಕರಗಿಸಿಕೊಳ್ಳುವುದಿಲ್ಲ ಎಂದೆ.

“ಅಂಗಾದ್ರೆ ಇನ್ನೊಂಚೂರು ಕಾಯಿಸ್ತೀನಿ. ಬಿಸಿ ಆದ್ರೆ ಇನ್ನಷ್ಟು ಇಡೀತದೆ.”

ಅವಳ ಮಾತು ಸರಿಯಾಗಿಯೇ ಇತ್ತು. ಅಲ್ಲಿಗೆ ಬಿಡಬೇಕಿತ್ತು, ಬಿಡಲಿಲ್ಲ. “ಬೆಲ್ಲ ಕರಗ್ತದಮ್ಮ, ಕಲ್ಲು ಕರಗಲ್ಲ,” ಎಂದು ಅಂಗಳದಿಂದ ಒಂದು ಚಿಟಿಕೆ ಮರಳು ತಂದೆ. ಇನ್ನೊಂದು ಲೋಟದ ಬಿಸಿನೀರಿಗೆ ಹಾಕಿ, ಚಮಚವನ್ನು ಅವಳ ಕೈಗೇ ಕೊಟ್ಟೆ. “ಸಾಯಂಕಾಲದ ತನಕ ಕಲಸು. ಅಪ್ಪನ ಎದೇಲಿರೋದೂ ಇದೇ.”

ಅವಳು ಕಲಸಿದಳು. ನಿಲ್ಲಿಸಿದೊಡನೆ ಮರಳು ತಳಕ್ಕಿಳಿಯಿತು. ಮತ್ತೆ ಕಲಸಿದಳು.

ಮಂಚದ ಮೇಲಿಂದ ಅಪ್ಪ ಉಸಿರೆಳೆದುಕೊಂಡು, “ಸಾಕು ಬಿಡ್ಲಾ,” ಅಂದರು. “ನಂಗೊತ್ತಿಲ್ವಾ? ನನ್ ಜೊತೆ ಕೊರೆದೋರೆಲ್ಲ ಬೆಲ್ಲ ತಿಂದೇ ಸತ್ತೋದ್ರು. ಅವಳೊಬ್ಳಿಗೇ ಗೊತ್ತಿರ್ಲಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕ್ಲಾಸಿನಲ್ಲಿ ಗದ್ದಲ ಮಾಡುವ ಮಕ್ಕಳಿಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ. ಅಪ್ಪನ ಮುಖ ನೋಡಲು ನಾಚಿಕೆಯಾಯಿತು. ಅಮ್ಮನ ಮುಖ ನೋಡಲು ಭಯವಾಯಿತು.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಚಮಚ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನೇ ನೋಡಿದಳು.

“ಅಂಗಾದ್ರೆ ನಾಳೆ ಬೆಳಿಗ್ಗೆ ಎದ್ದು ಇವರಿಗೆ ನಾನು ಏನ್ ಮಾಡ್ಲಿ? ಅದನ್ನೂ ಏಳ್ಕೊಡಪ್ಪ,” ಅಂದಳು.