ಬಟಾಣಿಯ ಪಕ್ಕದ ಬೇರಿಂಗು

ವೇಲ್ಸಿನ ಮಳೆಗುಡ್ಡಗಳ ಕೆಳಗಿನ ಆ ಊರಿನಲ್ಲಿ, ಫ್ರೀಜರು ತೆರೆದರೆ ಬಟಾಣಿಯ ಜೊತೆ ಬೇರಿಂಗು ಸಿಗುವ ಮನೆ ಯಾವುದೆಂದು ಕೇಳಿದರೆ ಯಾರು ಬೇಕಾದರೂ ಇದ್ವಲ್‌ನ ಬಾಗಿಲು ತೋರಿಸುತ್ತಾರೆ. ಗುಡ್ಡ ಇಳಿಯುವ ಸೈಕಲ್ಲಿನ ಹಿಂಚಕ್ರ ಬಂಡೆಗಳ ಮೇಲೆ ಏಳುತ್ತ ಬೀಳುತ್ತ ಓಡಬೇಕಾದರೆ ಅದರ ಕೀಲುಗಳಲ್ಲಿ ಕಾಸಗಲದ ಬೇರಿಂಗುಗಳಿರಬೇಕು; ಅವು ಸವೆದವೆಂಬ ಗುಮಾನಿ ಇದ್ವಲ್‌ನಿಗೆ ತಿಂಗಳಿಗೊಮ್ಮೆ ಹುಟ್ಟುತ್ತದೆ. "ಕಿರ್ ಅಂತಿದೆ ಕಣೇ, ಕೇಳಿಸ್ತಾ?" ಎಂದು ಹೆಂಡತಿ ನೆಸ್ಟಾಳ ಕಿವಿಯನ್ನು ಸೈಕಲ್ಲಿಗೆ ತಾಗಿಸುತ್ತಾನೆ. ಆಮೇಲೆ ಹೊಸ ಬೇರಿಂಗುಗಳು ತಣ್ಣಗಾಗಿ ಕುಗ್ಗಲೆಂದು ಫ್ರೀಜರಿಗೆ ಹೋಗುತ್ತವೆ, ಕೀಲಿನ ತೂತು ಬಿಸಿಯಾಗಿ ಹಿಗ್ಗಲೆಂದು ಅವಳ ಹೇರ್ ಡ್ರೈಯರ್ ಬರುತ್ತದೆ, ಅವಳು ಒದ್ದೆ ತಲೆಯಲ್ಲೇ ಚರ್ಚಿಗೆ ಹೊರಡುತ್ತಾಳೆ. "ಸುತ್ತಿಗೆಯಿಂದ ಬಡಿಯೋನು ಕಟುಕ ಕಣೇ, ಕಟುಕ!" ಎನ್ನುತ್ತ ಅವನು ಉದ್ದನೆಯ ಬೋಲ್ಟು ಬಿಗಿದು, ಬೇರಿಂಗನ್ನು ಕೂದಲೆಳೆಯಷ್ಟಷ್ಟೇ ಒಳಗೆ ಕೂರಿಸುತ್ತಾನೆ, ಮಗುವಿನ ತಲೆಗೆ ಕುಲಾವಿ ತೊಡಿಸುವವನ ಹಾಗೆ. ಗೆಳೆಯರು ಬೇಲಿಯಾಚೆಯಿಂದ "ನಾಳೆ ಗುಡ್ಡಕ್ಕೆ ಬರ್ತೀಯೇನೋ?" ಎಂದರೆ, "ಎಲ್ಲಿ ಬರ್ಲೋ, ಎಲ್ಲಾ ಬಿಚ್ಚಿ ಹರಡಿದೀನಿ, ಬೇರಿಂಗು ಹೋಗಿದೆ" ಎಂದು ನಿಟ್ಟುಸಿರು ಬಿಡುತ್ತಾನೆ. ಎರಡು ವರ್ಷದ ಹಿಂದೆ ಬಂಡೆಯಿಳಿಜಾರಿನಲ್ಲಿ ಬಿದ್ದು ಹೆಗಲಿನ ಮೂಳೆ ಮುರಿದುಕೊಂಡಾಗಿನಿಂದ ಆ ಸೈಕಲ್ಲು ಗೇಟು ದಾಟಿಲ್ಲ. ಮೊನ್ನೆ ಅವನು ಕಿತ್ತೊಗೆದ ಬೇರಿಂಗೊಂದನ್ನು ನೆಸ್ಟಾ ಕಿರುಬೆರಳಿಗೆ ಸಿಕ್ಕಿಸಿ ತಿರುಗಿಸಿದಳು. ಅದು ಚಕಾರವೆತ್ತದೆ ನುಣ್ಣಗೆ ತಿರುಗಿತು. "ಹೇಗಿದೆ?" ಎಂದು ಅವನು ತಲೆಯೆತ್ತದೆ ಕೇಳಿದ. "ಪೂರಾ ಹೋಗಿದೆ ಕಣೋ" ಎನ್ನುತ್ತ ನೆಸ್ಟಾ ಫ್ರೀಜರು ತೆರೆದು, ಹೊಸದಕ್ಕೆ ಜಾಗವಾಗಲೆಂದು ಬಟಾಣಿಯನ್ನು ಪಕ್ಕಕ್ಕೆ ಸರಿಸಿದಳು.